ಹೊಗೆಯಿಲ್ಲದ ನಾಲ್ಕು ದಿನ

ಸೈಮಿಗೂ ತಿಗಣೆಗೂ ಹುಟ್ಟಿನಿಂದಲೇ ಪರಿಚಯ. ಲಾದೋಗಾ ಸರೋವರದ ದಡದಲ್ಲಿ, ಮರ ಕೊಯ್ಯುವ ಕಾರ್ಖಾನೆಯ ಸಾಲುಮನೆಯಲ್ಲಿ ಬೆಳೆದವಳು ಆಕೆ. ಹನ್ನೆರಡು ಸಂಸಾರಕ್ಕೆ ಒಂದೇ ಬಾವಿ, ಬಿಸಿ ಹಬೆಯಲ್ಲಿ ಮೀಯಲು ಒಂದೇ ಸೌನಾ. ತಿಗಣೆಯೊಂದು ಮಾತ್ರ ಎಲ್ಲರಿಗೂ ಧಾರಾಳವಾಗಿ ಸಿಗುತ್ತಿತ್ತು. ಅವಳ ತಾಯಿ ಮಂಚದ ನಾಲ್ಕು ಕಾಲನ್ನೂ ಸೀಮೆಎಣ್ಣೆ ಹಾಕಿದ ಡಬ್ಬಿಗಳಲ್ಲಿ ನಿಲ್ಲಿಸಿ, ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆಗೆಳೆದು, ಕಂಬಳಿಯ ಅಂಚು ನೆಲ ಮುಟ್ಟದ ಹಾಗೆ ಮಡಚಿ ಮಕ್ಕಳನ್ನು ಮಲಗಿಸುತ್ತಿದ್ದಳು. ತಿಂಗಳಿಗೊಮ್ಮೆ ಮಂಚದ ಸಂದುಗಳಿಗೆ ಕುದಿನೀರು ಬೀಳುತ್ತಿತ್ತು. ಜನವರಿಯಲ್ಲಿ ಮೂಳೆ ಕೊರೆಯುವ ಚಳಿ ಬಿದ್ದಾಗ ಹನ್ನೆರಡು ಸಂಸಾರವೂ ಒಟ್ಟಿಗೆ ಒಲೆ ಆರಿಸಿ, ಬಾಗಿಲು ಕಿಟಕಿಗಳನ್ನು ತೆರೆದಿಟ್ಟು, ಸೌನಾಕ್ಕೆ ಗುಳೆ ಹೋಗುತ್ತಿತ್ತು. ಮೂರು ನಾಲ್ಕು ದಿನ ಚಳಿಯೇ ಮನೆಯಲ್ಲಿ ವಾಸ. ಮನುಷ್ಯರು ವಾಪಸು ಬರುವ ಹೊತ್ತಿಗೆ ತಿಗಣೆಗಳು ಹೊಟ್ಟಿನ ಹಾಗೆ ಉದುರಿರುತ್ತಿದ್ದವು. ಸೈಮಿಗೆ ಚಿಕ್ಕಂದಿನಲ್ಲಿ ಕ್ರಿಸ್‌ಮಸ್ಸಿಗಿಂತ ಆ ನಾಲ್ಕು ದಿನವೇ ದೊಡ್ಡ ಹಬ್ಬವಾಗಿತ್ತು.

ಯುದ್ಧ ಮುಗಿದು ಆ ದಡವೆಲ್ಲ ರಷ್ಯಾದ ಪಾಲಾಯಿತು. ನಲವತ್ತನಾಲ್ಕನೇ ಇಸವಿಯಲ್ಲಿ, ಆಲೂಗಡ್ಡೆ ಅಗೆಯುವ ಹೊತ್ತಿಗೆ, ಸೈಮಿ ಎಂಟು ವರ್ಷದ ಮಗಳು ಕೆರ್ತುವನ್ನೂ ಅತ್ತೆ ಕಟ್ರಿಯನ್ನೂ ಮೂರು ಗಂಟುಗಳನ್ನೂ ಕಟ್ಟಿಕೊಂಡು ದನ ಸಾಗಿಸುವ ರೈಲು ಹತ್ತಿದಳು. ಗಂಡ ವಿಲ್ಯಾಮಿ ಇನ್ನೂ ಉತ್ತರದಲ್ಲಿ ಸೈನ್ಯದ ಜೊತೆಗಿದ್ದ. ಮನೆ ಬಿಟ್ಟು ಬಂದವರನ್ನು ಮನೆ ಇದ್ದವರ ಕೋಣೆಗಳಿಗೆ ಹಂಚುವುದು ಸರ್ಕಾರದ ಕೆಲಸ. ಹಾಗೆ ಈ ಮೂವರು ನಮ್ಮ ಪಶ್ಚಿಮದ ಬಯಲಿಗೆ, ಹೌತಾಲ ಮನೆಯ ಹಿಂಕೋಣೆಗೆ ಬಂದರು.

ನಮ್ಮ ಬಯಲಿನವರಿಗೆ ಮಾತೆಂದರೆ ಖರ್ಚು. ಅದರಲ್ಲೂ ಹೌತಾಲದ ಯಜಮಾನಿ ವೆಂಡ್ಲಾ ದಿನಕ್ಕೆ ಹತ್ತು ಮಾತು ಆಡಿದರೆ ಆ ದಿನ ಅವಳಿಗೆ ಮೈ ಸರಿಯಿಲ್ಲವೆಂದೇ ಲೆಕ್ಕ. ಅವಳ ಗಂಡ ಈಸಾಕ್ಕಿ ಅವಳು ಬಿಟ್ಟ ಜಾಗದಲ್ಲಿ ಒಂದೆರಡು ಸೇರಿಸುತ್ತಿದ್ದ, ಅಷ್ಟೇ. ಇಂಥ ಮನೆಗೆ ಕಟ್ರಿ ಬಂದು ಇಳಿದಳು. ಕಟ್ರಿ ಎದ್ದಾಗ ಶುರು ಮಾಡಿದ ಮಾತನ್ನು ಮಲಗುವಾಗಲೂ ಮುಗಿಸುತ್ತಿರಲಿಲ್ಲ, ನಾಳೆಗೆ ಉಳಿಸಿಕೊಳ್ಳುತ್ತಿದ್ದಳು. ಹಸುವಿನ ಜೊತೆ, ಒಲೆಯ ಜೊತೆ, ಹಿಟ್ಟಿನ ಜೊತೆ ಮಾತು. ವೆಂಡ್ಲಾ ಮೊದಲ ವಾರ ಕಿವಿಗೆ ದಪ್ಪ ಉಣ್ಣೆಯ ಬಟ್ಟೆ ಕಟ್ಟಿಕೊಂಡು ಓಡಾಡಿದಳು, ಹಲ್ಲುನೋವು ಅಂದಳು.

ಹೇಗೋ ಕ್ರಿಸ್‌ಮಸ್‌ವರೆಗೆ ನಡೆಯಿತು. ಜನವರಿಯಲ್ಲಿ ಕೆರ್ತುವಿನ ಕುತ್ತಿಗೆಯ ಮೇಲೆ ಸಾಲಾಗಿ ಮೂರು ಕೆಂಪು ಗಂಧೆ ಎದ್ದವು. ಸೈಮಿಗೆ ನೋಡಿದ ತಕ್ಷಣ ಗೊತ್ತಾಯಿತು. ತಿಗಣೆ ಒಂದೇ ಕಡೆ ಊಟ ಮುಗಿಸುವುದಿಲ್ಲ, ಹೆಜ್ಜೆ ಹೆಜ್ಜೆಗೂ ಬಾಯಿ ಹಾಕುತ್ತಾ ಹೋಗುತ್ತದೆ. ಹಾಸಿಗೆಯ ಹೊಲಿಗೆ ಬಿಡಿಸಿ ನೋಡಿದರೆ ಎರಡು ಸಿಕ್ಕವು. ವೆಂಡ್ಲಾ ಬಾಗಿಲಲ್ಲಿ ನಿಂತು ಆ ಎರಡನ್ನೂ ನೋಡಿದಳು, ನೆಲದ ಮೇಲಿದ್ದ ಮೂರು ಗಂಟುಗಳನ್ನೂ ನೋಡಿದಳು, ಏನೂ ಹೇಳದೆ ಹೋದಳು.

ಹೇಳಬೇಕಾದ್ದನ್ನು ಅವಳು ಬೇರೆ ಕಡೆ ಹೇಳಿದಳು. ಊರಿನ ದೊಡ್ಡ ಮನೆಗಳ ಹೆಂಗಸರೆಲ್ಲ ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ, ಚರ್ಚಿನ ಧರ್ಮಕಾರ್ಯಕ್ಕೆಂದು ಹೊಲಿಗೆ ಹಾಕುತ್ತಾ ಕಾಫಿ ಕುಡಿಯುತ್ತಾರೆ. ಅಲ್ಲಿ ವೆಂಡ್ಲಾ ಸೂಜಿಗೆ ದಾರ ಪೋಣಿಸುತ್ತಾ, "ನಮ್ಮನೇಗೆ ತಿಗಣೆ ಬಂದಿದೆ. ಗಂಟಲ್ಲಿ," ಅಂದಳಂತೆ. ನಾಲ್ಕೇ ಮಾತು. ಊರಿಗೆ ಅಷ್ಟು ಸಾಕಾಗಿತ್ತು.

ಮರುದಿನ ಮಧ್ಯಾಹ್ನ ಕೆರ್ತು ಶಾಲೆಯಿಂದ ಬಂದು ಬೂಟನ್ನೂ ಬಿಚ್ಚದೆ ಬಾಗಿಲ ಹತ್ತಿರವೇ ಕೂತುಬಿಟ್ಟಳು.

"ಯಾಕಮ್ಮಾ, ಏನಾಯ್ತು?"

"ಏನಿಲ್ಲ."

"ಏನಿಲ್ಲ ಅಂದ್ರೆ ಏನೋ ಇದೆ ಅಂತ. ಹೇಳು."

"ಬೆಂಚಲ್ಲಿ ನಾನೊಬ್ಳೇ," ಅಂದಳು ಕೆರ್ತು. "ಅಂಗಡಿಯವರ ರೈಯಾನೂ ಎದ್ದು ಹೋದ್ಳು. ಹಿಂದಿನ ಬೆಂಚಲ್ಲಿ ಐದು ಜನ ಒತ್ಕೊಂಡು ಕೂತಿದಾರೆ. ನನ್ನ ಬೆಂಚು ಪೂರ್ತಿ ಖಾಲಿ. ತಿಗಣೆ ಕೆರ್ತು ಅಂತಾರೆ."

ಸೈಮಿಗೆ ಪಿತ್ತ ನೆತ್ತಿಗೇರಿತು. ಕಟ್ರಿಗಂತೂ ಕೇಳುವುದೇ ಬೇಡ.

"ದಾರೀಲಿ ಸರ್ಕಾರದವರು ಹುಳ ಸಾಯ್ಲಿ ಅಂತ ಎರಡು ಸಲ ನಮ್ಮ ಬಟ್ಟೆ ಬೇಯಿಸಿ ಕೊಟ್ಟಿದಾರೆ! ಎರಡು ಸಲ! ನನ್ನ ಉಣ್ಣೆ ಲಂಗ ಬೆಂದು ಬೆಂದು ಗೊಂಬೆಗೆ ಹಾಕೋ ಅಷ್ಟಾಗಿದೆ. ಅದರಲ್ಲಿ ತಿಗಣೆ ಬದುಕಿದ್ರೆ ಆ ತಿಗಣೆಗೆ ಪದಕ ಕೊಡ್ಬೇಕು!" ಅಂತ ಕಟ್ರಿ ಗೋಡೆಯಾಚೆಗೆ ಕೇಳಲಿ ಎಂದೇ ಕೂಗಿದಳು.

ಆದರೆ ಸೈಮಿಗೆ ಒಂದು ಅಳುಕು ಇತ್ತು. ಸಾಲುಮನೆಯಲ್ಲಿ ಬೆಳೆದವಳಿಗೆ "ನಮ್ಮಲ್ಲಿ ತಿಗಣೆ ಇರಲೇ ಇಲ್ಲ" ಎಂದು ಎದೆ ತಟ್ಟಿ ಹೇಳಲು ಬಾಯಿ ಬರುತ್ತಿರಲಿಲ್ಲ. ನಿಜಕ್ಕೂ ತಾನೇ ತಂದಿದ್ದರೆ? ಯಾವುದೋ ಹೊಲಿಗೆಯ ಮಡಿಕೆಯಲ್ಲಿ ಒಂದು ಉಳಿದಿದ್ದರೆ? ಮನೆ ಕಳೆದುಕೊಂಡವರಿಗೆ ಇದೇ ಊರಿನಲ್ಲಿ ಭೂಮಿ ಹಂಚುವ ಮಾತು ಆಗಲೇ ನಡೆಯುತ್ತಿತ್ತು. ಅಂದರೆ ಕೆರ್ತು ಇಲ್ಲೇ ಬೆಳೆಯಬೇಕು, ಇಲ್ಲೇ ಮದುವೆಯಾಗಬೇಕು, ಇಲ್ಲೇ ಮುದುಕಿಯಾಗಬೇಕು. ನಮ್ಮ ಬಯಲಿನಲ್ಲಿ ಒಮ್ಮೆ ಅಂಟಿದ ಹೆಸರು ಸಮಾಧಿಯ ಕಲ್ಲಿನವರೆಗೂ ಬರುತ್ತದೆ. ಕಾಲು ಕುಂಟದ ಕುಂಟ ಹೆಯ್ಕಿಯನ್ನು ನಾನೇ ನೋಡಿದ್ದೇನೆ, ಕುಂಟುತ್ತಿದ್ದವನು ಅವನ ಅಜ್ಜ. ತಿಗಣೆಯನ್ನು ಓಡಿಸದಿದ್ದರೆ ಆ ಖಾಲಿ ಬೆಂಚು ಮಗಳ ಜೀವಮಾನಕ್ಕೆ ಗಂಟು ಬೀಳುತ್ತದೆ ಎಂದು ಸೈಮಿಗೆ ಸ್ಪಷ್ಟವಾಗಿ ಕಂಡಿತು.

ಅವಳು ನೇರ ಅಡುಗೆಮನೆಗೆ ಹೋದಳು.

"ಯಜಮಾನ್ತಿ, ಚಳಿ ಸೊನ್ನೆಗಿಂತ ಕೆಳಗೆ ಮೂವತ್ತಕ್ಕೆ ಇಳಿದಿದೆ. ಮನೇನ ಚಳಿಗೆ ಬಿಡೋಣ. ಒಲೆ ಆರಿಸಿ ನಾಲ್ಕು ದಿನ ಬಾಗಿಲು ಕಿಟಕಿ ಎಲ್ಲಾ ತೆಗೆದಿಡೋದು. ಒಂದೂ ಉಳಿಯಲ್ಲ."

ವೆಂಡ್ಲಾ ಹಿಟ್ಟು ನಾದುತ್ತಿದ್ದಳು. "ಊರು ನೋಡುತ್ತೆ," ಅಂದಳು.

"ನೋಡ್ಲಿ."

"ಒಲೆ ಆರಿದ ಮನೆ ಅಂತಾರೆ."

"ಮಾರ್ಚಿನಲ್ಲಿ ಹೊಲಿಗೆಯವರು ನಿಮ್ಮನೇಗೇ ಬರ್ತಾರಲ್ವಾ? ಕಾಫಿ ಕುಡೀತಾ ಕೂತಾಗ ಯಾರದಾದ್ರೂ ಕಾಲರಿನ ಮೇಲೆ ಒಂದು ಹತ್ತಿದ್ರೆ?"

ಹಿಟ್ಟಿನಲ್ಲಿದ್ದ ಕೈ ನಿಂತಿತು. ಹೌತಾಲದ ಸರದಿ ವರ್ಷಕ್ಕೊಮ್ಮೆ ಬರುವುದು. ವೆಂಡ್ಲಾ ಬೆರಳಿಗೆ ಮೆತ್ತಿದ ಹಿಟ್ಟನ್ನು ಕೆರೆದು ಹಾಕಿ, "ಸೋಮವಾರ," ಅಂದಳು.

ಸೋಮವಾರ ಕೆಲಸ ಶುರುವಾಯಿತು. ಆಲೂಗಡ್ಡೆ, ಕ್ಯಾರೆಟ್ಟು ನೆಲಮಾಳಿಗೆಯಲ್ಲಿ ಭದ್ರವಾಗಿದ್ದವು. ಉಪ್ಪಿನ ಮೀನಿನ ಪೀಪಾಯಿ, ಹೂಕುಂಡ, ಹುಳಿಹಿಟ್ಟಿನ ಮರಿಗೆ, ಗೋಡೆ ಗಡಿಯಾರ ಎಲ್ಲ ಕೊಟ್ಟಿಗೆಗೆ ಹೋದವು. ಬೂದಿ ಗೋರಿ ಒಲೆಯನ್ನು ಗುಡಿಸಿ ಬರಿದು ಮಾಡಿದರು. ಹಾಸಿಗೆಗಳನ್ನು ಬಿಡಿಬಿಡಿಯಾಗಿ ಅಡ್ಡ ಕಟ್ಟಿದ ಗಳುಗಳ ಮೇಲೆ ಹರಡಿದರು. ಸೈಮಿ ದಪ್ಪ ಹುಲ್ಲುಹಾಸಿಗೆಯ ಹೊಟ್ಟೆ ಸೀಳಿ ನಡುವೆ ಒಂದೊಂದು ಹಸಿ ಆಲೂಗಡ್ಡೆ ಹುದುಗಿಸಿದಳು. ಅದು ತಾಯಿಯ ಅಳತೆ. ಆಲೂಗಡ್ಡೆ ಕಲ್ಲಾಗಿ ಮತ್ತೆ ಎರಡು ದಿನ ಕಳೆಯಬೇಕು, ಅಷ್ಟರವರೆಗೆ ಚಳಿ ಒಳಗೆ ಇಳಿದಿಲ್ಲ ಎಂದೇ ತಿಳಿಯಬೇಕು. ಐದೂ ಜನ ಸೌನಾದಲ್ಲಿ ಮಿಂದು, ಮೇಲಿನ ಹಲಗೆಯಲ್ಲಿಟ್ಟು ಸುಡುಸುಡು ಕಾಯಿಸಿದ ಬಟ್ಟೆಯನ್ನೇ ತೊಟ್ಟು, ಸೌನಾದ ಮುಂಗೋಣೆಯಲ್ಲಿ ನೆಲೆಯಾದರು. ಮೈಮೇಲಿನ ಬಟ್ಟೆ ಬಿಟ್ಟು ಮನೆಯಿಂದ ಒಂದು ದಾರವನ್ನೂ ತರಕೂಡದು ಎಂದು ಸೈಮಿಯ ಕಟ್ಟಪ್ಪಣೆ.

ಎಂಟು ಹೆಜ್ಜೆ ಉದ್ದದ ಕೋಣೆಯಲ್ಲಿ ಐದು ಜನ ನಾಲ್ಕು ದಿನ! ಎರಡನೇ ದಿನ ಈಸಾಕ್ಕಿ ಕೊಟ್ಟಿಗೆಗೆ ಹೋದವನು ಮೂರು ಗಂಟೆ ಬರಲೇ ಇಲ್ಲ. ಹಸುಗಳು ಮಾತಾಡುವುದಿಲ್ಲವಲ್ಲ. ಕಟ್ರಿ ತಾನು ಹುಡುಗಿಯಾಗಿದ್ದಾಗ ಸರೋವರದಲ್ಲಿ ಹಿಡಿದ ಒಂದು ಮೀನಿನ ಕಥೆಯನ್ನು ಎರಡು ದಿನ ಹೇಳಿದಳು. ಅಷ್ಟರಲ್ಲಿ ಮೀನು ಒಂದು ಮೊಳ ಬೆಳೆದಿತ್ತು.

ಐದನೆಯ ದಿನ ಆಲೂಗಡ್ಡೆಗಳನ್ನು ತೆಗೆದು ನೆಲಕ್ಕೆ ಬಡಿದರೆ ಟಣ್ ಎಂದವು. ಸೈಮಿಗೆ ಹಿಡಿಸಲಾರದಷ್ಟು ಸಂತೋಷ. ಒಲೆ ಬಿರುಕು ಬಿಡದ ಹಾಗೆ ಕಡ್ಡಿ ಕಡ್ಡಿಯಾಗಿ ಉರಿ ಹಾಕಿ ಮನೆಯನ್ನು ಮೆಲ್ಲಗೆ ಬೆಚ್ಚಗೆ ಮಾಡಿದರು. ಕೆರ್ತುವಿನ ಕುತ್ತಿಗೆ ವಾರದಲ್ಲಿ ತಿಳಿಯಾಯಿತು.

ಹತ್ತನೆಯ ದಿನ ಅವಳ ಮೊಣಕೈ ಮೇಲೆ ಹೊಸದಾಗಿ ಮೂರು ಗಂಧೆ.

ಸೈಮಿ ಹುಚ್ಚು ಹಿಡಿದವಳ ಹಾಗೆ ಹುಡುಕಿದಳು. ಹಾಸಿಗೆಯಲ್ಲಿ ಇಲ್ಲ, ಮಂಚದಲ್ಲಿ ಇಲ್ಲ. ಹಿಂಕೋಣೆಗೆ ಒಲೆಯ ಬೆನ್ನು ತಾಗುವ ಒಂದು ಗೋಡೆಯಿದೆ, ಚಿಮಣಿ ಹಾದುಹೋಗುವುದು ಅಲ್ಲೇ. ಅಲ್ಲಿ ಗೋಡೆಯ ಕಾಗದದ ಅಂಚನ್ನು ಚಾಕುವಿನಿಂದ ಎತ್ತಿದರೆ ಒಳಗೆ ನಾಲ್ಕು ಜೀವಂತ ತಿಗಣೆಗಳು. ಉಳಿದ ಮೂರು ಗೋಡೆಗಳಲ್ಲಿ ಒಂದೂ ಇರಲಿಲ್ಲ.

"ಇದೊಂದು ಗೋಡೆಗೆ ಯಾಕೆ ಚಳಿ ತಾಗ್ಲಿಲ್ಲ?" ಅಂತ ಅವಳು ತನಗೆ ತಾನೇ ಕೇಳಿಕೊಂಡಳು.

ಕಟ್ರಿ ಹೆಣಿಗೆ ಹಾಕುತ್ತಾ ಕೂತಿದ್ದವಳು, "ಒಲೆ ಉರೀತಿತ್ತಲ್ಲ, ಹೇಗೆ ತಾಗುತ್ತೆ?" ಅಂದಳು.

"ಯಾವ ಒಲೆ ಅತ್ತೆ?"

"ಇದೇ. ನೀನು ಹಾಲು ಕರೆಯೋ ಹೊತ್ತಲ್ಲಿ ನಾನು ಹೊರಗೆ ಹೋದಾಗ ಚಿಮಣೀಲಿ ಹೊಗೆ ಬರ್ತಿತ್ತು. ಎರಡು ದಿನ ನೋಡ್ದೆ. ನೀನೇ ಏನೋ ಹೇಳಿ ಮಾಡಿಸಿದೀಯ ಅಂದ್ಕೊಂಡೆ."

"ಬೆಳಗಿಂದ ರಾತ್ರಿವರೆಗೆ ಲೋಕದ ಮಾತೆಲ್ಲಾ ಆಡ್ತೀರಿ. ಇದೊಂದು ಹೇಳೋಕಾಗ್ಲಿಲ್ವಾ?"

"ಮೀನಿನ ಕಥೆ ನಡುವೆ ಮರೆತೇಹೋಯ್ತು ಕಣೇ."

ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ ಈಸಾಕ್ಕಿಯನ್ನು ಸೈಮಿ ಕೇಳಿದಳು. ಅವನು ಕೊಡಲಿಯನ್ನು ನೋಡಿದ, ಆಕಾಶವನ್ನು ನೋಡಿದ. "ಎರಡೇ ಎರಡು ಕಟ್ಟಿಗೆ," ಅಂದ. "ದಿನಾ ಬೆಳಿಗ್ಗೆ. ಅವಳೇ ಇಟ್ಟಿದ್ದು. ಹೊಗೆ ಕಾಣ್ಲಿ ಅಂತ."

ನಮ್ಮ ಬಯಲು ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮರ ಅಡ್ಡವಿಲ್ಲ, ಗುಡ್ಡ ಅಡ್ಡವಿಲ್ಲ, ಒಬ್ಬರ ಚಿಮಣಿ ಹನ್ನೆರಡು ಮನೆಗೆ ಕಾಣುತ್ತದೆ. ಬೆಳಿಗ್ಗೆ ಎದ್ದವರು ಮೊದಲು ನೋಡುವುದು ಯಾರ ಹೊಗೆ ಎದ್ದಿದೆ, ಯಾರದು ಎದ್ದಿಲ್ಲ ಎಂದು. ಹೊಗೆ ತಡವಾದರೆ ಸೋಮಾರಿಗಳು. ಹೊಗೆಯೇ ಇಲ್ಲದಿದ್ದರೆ ಮನೆ ಮುಳುಗಿದೆ, ಇಲ್ಲವೇ ಯಾರೋ ಸತ್ತಿದ್ದಾರೆ. ವೆಂಡ್ಲಾ ಬಾಗಿಲು ತೆರೆದಿಟ್ಟು ಮನೆಯನ್ನೆಲ್ಲ ಚಳಿಗೆ ಕೊಟ್ಟಳು, ಹೊಗೆಯನ್ನು ಮಾತ್ರ ಕೊಡಲಾರದೆ ಹೋದಳು. ಅಷ್ಟು ಕಾವಿನಲ್ಲಿ ಚಿಮಣಿಯ ಪಕ್ಕದ ತಿಗಣೆಗಳು ಮೈ ಕಾಯಿಸಿಕೊಂಡು ಕೂತವು.

ಸೈಮಿ ಅಡುಗೆಮನೆಗೆ ನುಗ್ಗಿದಳು. ಅವಳಿಗೆ ಆಗ ತಾನು ಪರರ ಮನೆಯಲ್ಲಿದ್ದೇನೆ ಎಂಬುದೂ ಮರೆತುಹೋಗಿತ್ತು.

"ಹೊಗೆ ಯಾಕೆ ಬೇಕಿತ್ತು ಯಜಮಾನ್ತಿ? ಯಾರಿಗೆ ತೋರಿಸೋಕೆ? ತಿಗಣೆ ಇದೆ ಅಂತ ಊರಿಗೆಲ್ಲ ನೀವೇ ಹೇಳಿಬಂದ್ರಿ. ಹೇಳುವಾಗ ಇಲ್ಲದ ನಾಚಿಕೆ ಓಡಿಸುವಾಗ ಎಲ್ಲಿಂದ ಬಂತು?"

ವೆಂಡ್ಲಾಳ ಮುಖ ಬಿಳಿಚಿತು. "ಹೌತಾಲದ ಒಲೆ ಆರಿಲ್ಲ. ಮಾವ ಸತ್ತ ದಿನ ಬಿಟ್ರೆ."

"ನಮ್ಮೂರಲ್ಲಿ ಮುನ್ನೂರು ಒಲೆ ಒಂದೇ ದಿನ ಆರಿದೆ. ನನ್ನ ಒಲೇನ ನಾನೇ ನೀರು ಹಾಕಿ ಆರಿಸಿ ಬಾಗಿಲು ಹಾಕ್ಕೊಂಡು ಬಂದೆ. ನಿಮ್ಮನ್ನ ನಾನು ನಾಲ್ಕೇ ದಿನ ಕೇಳಿದ್ದು. ನಾಲ್ಕು ದಿನ! ನನ್ನ ಮಗಳು ಆ ಬೆಂಚಲ್ಲಿ ಇನ್ನೆಷ್ಟು ವರ್ಷ ಒಬ್ಳೇ ಕೂತ್ಕೋಬೇಕು?"

ಇಷ್ಟು ಹೇಳಿ ಅವಳು ಅತ್ತುಬಿಟ್ಟಳು. ಅತ್ತಿದ್ದಕ್ಕೆ ಸಿಟ್ಟು ಬಂದು ಇನ್ನಷ್ಟು ಅತ್ತಳು. ವೆಂಡ್ಲಾ ಒಂದು ಲೋಟ ಮಜ್ಜಿಗೆ ತಂದು ಮೇಜಿನ ಮೇಲಿಟ್ಟಳು. ನಮ್ಮ ಕಡೆ ಕ್ಷಮೆ ಕೇಳುವುದು ಹೀಗೆಯೇ, ಬೇರೆ ವಿಧಾನ ನಮಗೆ ಗೊತ್ತಿಲ್ಲ.

"ಚಳಿ ಮತ್ತೆ ಬರುತ್ತೆ," ಅಂದಳು. "ಬಂದಾಗ ಮಾಡೋಣ."

ಫೆಬ್ರವರಿಯ ಕೊನೆಯಲ್ಲಿ ಬಂತು, ಮರದ ಕಾಂಡಗಳು ಸಿಡಿಯುವಂಥ ಚಳಿ. ಈ ಸಲ ಸೈಮಿ ಮೊದಲೇ ಷರತ್ತು ಹಾಕಿದಳು: ಹಿಂಕೋಣೆಯ ಗೋಡೆಗೆ ಅಂಟಿಸಿದ ಕಾಗದವೆಲ್ಲ ಮರದ ದಿಮ್ಮಿ ಕಾಣುವವರೆಗೆ ಕಿತ್ತು ಬರಬೇಕು. ಕಾಗದದ ಹಿಂದೆ ತಿಗಣೆಗೆ ಬೇರೆಯೇ ಊರಿರುತ್ತದೆ, ಮೇಲಿಂದ ಮೇಲೆ ಹೊಸ ಕಾಗದ ಹಚ್ಚುವುದೆಂದರೆ ಅದಕ್ಕೆ ಹೊದಿಕೆ ಹೊದಿಸಿದ ಹಾಗೆ. ವೆಂಡ್ಲಾ ತಾನೇ ಕೆರೆಯುವ ಚಾಕು ಹಿಡಿದು ಬಂದಳು.

ಕಿಟಕಿ ತೆರೆದಿತ್ತು. ಇಬ್ಬರೂ ತಲೆಗೆ ಬಟ್ಟೆ ಕಟ್ಟಿಕೊಂಡು, ಉಸಿರು ಹಬೆಯಾಡುತ್ತಾ, ಚಿಮಣಿಯ ಗೋಡೆಯನ್ನು ಕೆರೆದರು. ಮೊದಲು ನೀಲಿ ಹೂವಿನ ಕಾಗದ. ಅದರಡಿ ಹಸಿರು ಪಟ್ಟಿಯದು. ಅದರಡಿ ಹಳೆಯ ಸುದ್ದಿಪತ್ರಿಕೆಗಳು, ಒಂದರ ಮೇಲೊಂದು ರೈ ಧಾನ್ಯದ ಹಿಟ್ಟಿನ ಅಂಟಿನಲ್ಲಿ ಗಟ್ಟಿಯಾಗಿ ಕೂತಿದ್ದವು. ಎಲ್ಲ ಪದರಕ್ಕೂ ಕರಿಯ ಚುಕ್ಕೆಗಳು, ಮೆಣಸಿನ ಪುಡಿ ಚೆಲ್ಲಿದ ಹಾಗೆ. ತಿಗಣೆ ಇದ್ದ ಗುರುತು ಅದು. ಎಲ್ಲಕ್ಕಿಂತ ಕೆಳಗಿನ ಹಾಳೆ ದಿಮ್ಮಿಗೆ ಅಂಟಿಕೊಂಡಿತ್ತು. ಅದರ ಮೇಲೂ ಚುಕ್ಕೆಗಳಿದ್ದವು, ಒತ್ತಾಗಿ.

ವೆಂಡ್ಲಾ ಆ ಹಾಳೆಯನ್ನು ಬಿಡಿಸಿ ಬೆಳಕಿಗೆ ಹಿಡಿದಳು. ಆಮೇಲೆ ಅದರ ಮೇಲಿದ್ದ ಹಾಳೆಯನ್ನೂ ಹಿಡಿದಳು. ಎರಡನ್ನೂ ಮತ್ತೆ ಮತ್ತೆ ನೋಡಿದಳು.

"ಇದರ ತಾರೀಖು ಓದು," ಅಂದಳು ವೆಂಡ್ಲಾ.

"ಸಾವಿರದ ಒಂಬೈನೂರ ಒಂಬತ್ತು. ಅಕ್ಟೋಬರ್."

"ಇದರ ಮೇಲಿದ್ದದ್ದು?"

"ಹನ್ನೆರಡು."

ಸೈಮಿಯ ಎದೆ ಹಗುರಾಯಿತು. ಒಂಬತ್ತನೇ ಇಸವಿಯ ಹಾಳೆಯ ಮೇಲೆ ಕೊಳೆ ಮಾಡಿ, ಹನ್ನೆರಡನೇ ಇಸವಿಯಲ್ಲಿ ಮುಚ್ಚಿಹೋದ ತಿಗಣೆಗಳು! ಆಗ ತಾನಿನ್ನೂ ಹುಟ್ಟಿರಲಿಲ್ಲ. ಇವು ಈ ಮನೆಯವೇ. ತನ್ನ ಗಂಟಿನವಲ್ಲ. ಬಾಯಿ ತೆರೆದು ಹೇಳಬೇಕು ಅನ್ನುವಷ್ಟರಲ್ಲಿ ವೆಂಡ್ಲಾ ಕಾಗದದ ಚೂರುಗಳ ಮೇಲೆಯೇ ಕುಸಿದು ಕೂತಳು.

"ನಾನು ಈ ಮನೆಗೆ ಸೊಸೆಯಾಗಿ ಬಂದಿದ್ದು ಹದಿನಾಲ್ಕರಲ್ಲಿ," ಅಂದಳು. ನಿಲ್ಲಿಸಲಿಲ್ಲ. "ಆಗಲೇ ಗೋಡೇಲಿ ಹಸಿರು ಪಟ್ಟಿ ಕಾಗದ ಇತ್ತು. ನಮ್ಮಪ್ಪ ಕೂಲಿಯವನು. ಒಂದೇ ಕೋಣೆ ನಮ್ಮದು. ನಾನು ಬಂದ ತಿಂಗಳು ಇಲ್ಲಿ ತಿಗಣೆ ಕಾಣಿಸ್ತು. ನಮ್ಮತ್ತೆ ಎಲ್ಲರ ಎದುರಿಗೆ ಅಂದ್ಳು, ಗುಡಿಸಲಿನ ಹುಡುಗಿ ವರದಕ್ಷಿಣೆ ತಂದಿದಾಳೆ, ನಡ್ಕೊಂಡು ಓಡಾಡುತ್ತೆ ಅಂತ. ನಕ್ರು ಎಲ್ಲಾ. ಹೊಲಿಗೆಗೆ ಹೋದ್ರೆ ಹನ್ನೊಂದು ವರ್ಷ ನನ್ನ ಪಕ್ಕ ಯಾರೂ ಕೂರ್ಲಿಲ್ಲ. ಅತ್ತೆ ಸತ್ತು ನಾನು ಯಜಮಾನ್ತಿ ಆದ್ಮೇಲೆ ಕೂತ್ರು. ನಾನೂ ನಂಬಿದ್ದೆ ಸೈಮಿ. ಮೂವತ್ತು ವರ್ಷ, ನಾನೇ ತಂದೆ ಅಂತಲೇ ನಂಬಿದ್ದೆ. ಮತ್ತೆ ನಿನ್ನ ಗಂಟು ನೋಡ್ದಾಗ..."

ಸೈಮಿಗೆ ಹೇಳಲು ಕಟ್ಟಿಟ್ಟುಕೊಂಡಿದ್ದ ಖಾರದ ಮಾತುಗಳು ಒಂದು ಡಜನ್ ಇದ್ದವು. ಅದರಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅವಳೂ ಪಕ್ಕದಲ್ಲಿ ಕೂತಳು. ಇಬ್ಬರೂ ಆ ಕಚಡಾ ಕಾಗದದ ನಡುವೆ, ಮೈನಸ್ ಇಪ್ಪತ್ತೆಂಟರಲ್ಲಿ, ಭುಜಕ್ಕೆ ಭುಜ ತಾಗಿಸಿಕೊಂಡು ಸ್ವಲ್ಪ ಹೊತ್ತು ಕೂತಿದ್ದರು.

"ಎದ್ದೇಳಿ ಯಜಮಾನ್ತಿ, ಮಂಡಿ ಹಿಡ್ಕೊಳುತ್ತೆ," ಅಂದಳು ಸೈಮಿ ಕೊನೆಗೆ. ಕೆಳಗಿನ ಹಾಳೆಯನ್ನು ವೆಂಡ್ಲಾ ಸೌನಾದ ಒಲೆಯ ಮೇಲೆ ಚೆನ್ನಾಗಿ ಕಾಯಿಸಿ ಎತ್ತಿಟ್ಟಳು. ಉಳಿದದ್ದನ್ನೆಲ್ಲ ಅಂಗಳದಲ್ಲಿ ಸುಟ್ಟರು.

ನಾಲ್ಕು ದಿನ ಹೌತಾಲದ ಚಿಮಣಿಯಿಂದ ಒಂದು ಎಳೆ ಹೊಗೆ ಏಳಲಿಲ್ಲ. ಎರಡನೆಯ ಬೆಳಿಗ್ಗೆಯೇ ಪಕ್ಕದ ಮನೆಯವನು ಹಿಮದ ಮೇಲೆ ಸ್ಕೀ ಜಾರಿಸಿಕೊಂಡು ಬಂದ. ಟೋಪಿ ತೆಗೆದು ಎದೆಗೊತ್ತಿಕೊಂಡು, ದನಿ ತಗ್ಗಿಸಿ ಈಸಾಕ್ಕಿಯನ್ನು ಕೇಳಿದ: "ಯಾರು ಹೋಗಿಬಿಟ್ರು?"

"ತಿಗಣೆ," ಅಂದ ಈಸಾಕ್ಕಿ.

ಸೌನಾದ ಒಳಗಿಂದ ಮೊದಲು ಕಟ್ರಿಯ ನಗು ಕೇಳಿಸಿತು, ಅದರ ಹಿಂದೆ ಇನ್ನೊಂದು. ಆ ಇನ್ನೊಂದು ನಗುವನ್ನು ಪಕ್ಕದ ಮನೆಯವನು ಎಂದೂ ಕೇಳಿರಲಿಲ್ಲವಾದ್ದರಿಂದ ಯಾರದೆಂದು ಅವನಿಗೆ ತಿಳಿಯಲಿಲ್ಲ.

ಬರಿಯ ದಿಮ್ಮಿಗಳ ಸಂದಿಗೆಲ್ಲ ಸೈಮಿ ಪಾಚಿ ತುಂಬಿ, ಮೇಲೆ ಸುಣ್ಣ ಬಳಿದಳು. ಮಂಚಗಳ ಕಾಲಿಗೆ ಡಬ್ಬಿ ಬಂತು, ಡಬ್ಬಿಗೆ ಸೀಮೆಎಣ್ಣೆ ಬಂತು. ಕಟ್ರಿ ಜೌಗಿನಲ್ಲಿ ಬೆಳೆಯುವ ಘಾಟು ಸೊಪ್ಪನ್ನು ಹಾಸಿಗೆಯಡಿ ಇಡಲೇಬೇಕೆಂದು ಹಟ ಹಿಡಿದಳು. ಅದರಿಂದ ತಿಗಣೆ ಸಾಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ಮಲಗಿದವರಿಗೆ ತಲೆನೋವು ಬಂದದ್ದು ಮಾತ್ರ ನಿಜ.

ಮಾರ್ಚಿನ ಎರಡನೇ ಗುರುವಾರ ಹೊಲಿಗೆಯವರು ಬಂದರು. ಹದಿನಾಲ್ಕು ಹೆಂಗಸರು. ಒಬ್ಬರೂ ಕೋಟು ಬಿಚ್ಚಲಿಲ್ಲ, ಮನೆ ಬೆಚ್ಚಗಿದ್ದರೂ. ಕುರ್ಚಿಯ ತುದಿಯಲ್ಲಿ, ಬೆನ್ನು ಗೋಡೆಗೆ ತಾಗದಂತೆ ಕೂತರು. ಸೈಮಿ ಅಡುಗೆಮನೆಯಲ್ಲಿ ಕಾಫಿ ಬಗ್ಗಿಸುತ್ತಿದ್ದಳು. ಕಾಫಿ ಅಂದರೆ ಹುರಿದ ರೈ, ಆ ವರ್ಷ ಬೇರೇನೂ ಸಿಗುತ್ತಿರಲಿಲ್ಲ. ಬಾಗಿಲು ತೆರೆದಿತ್ತು, ಎಲ್ಲ ಕಾಣುತ್ತಿತ್ತು.

ವೆಂಡ್ಲಾ ಎದ್ದು ನಿಂತಳು. ಹಳೆಯ ಸುದ್ದಿಪತ್ರಿಕೆಯನ್ನು ಮೇಜಿನ ನಡುವೆ, ಸಕ್ಕರೆ ಬಟ್ಟಲಿನ ಪಕ್ಕ ಬಿಡಿಸಿಟ್ಟಳು.

"ಹಿಂಕೋಣೆ ಗೋಡೇಲಿ ಇತ್ತು," ಅಂದಳು. "ಚುಕ್ಕೆ ಏನು ಅಂತ ನಿಮಗೆಲ್ಲ ಗೊತ್ತು. ತಾರೀಖು ಓದ್ಕೊಳ್ಳಿ. ನಾನು ಹದಿನಾಲ್ಕರಲ್ಲಿ ಬಂದೆ. ಸೈಮಿ ನಲವತ್ತನಾಲ್ಕರಲ್ಲಿ ಬಂದ್ಳು. ತಿಗಣೆ ಹೌತಾಲದ್ದು. ನಾನು ಜನವರೀಲಿ ಆಡಿದ್ದು ಸುಳ್ಳು. ಓಡಿಸಿದ್ದು ಸೈಮಿ."

ಕೂತಳು. ಸೂಜಿ ಎತ್ತಿಕೊಂಡಳು.

ಅಡುಗೆಮನೆಯಲ್ಲಿ ಸೈಮಿ ಕಾಫಿಯನ್ನು ಕಪ್ಪಿನ ಹೊರಗೆ ಬಗ್ಗಿಸುತ್ತಿದ್ದಳು, ಅವಳಿಗೆ ಕಣ್ಣು ಮಂಜಾಗಿತ್ತು. ಆಮೇಲೆ ಪಾದ್ರಿಗಳ ಹೆಂಡತಿ ಕೋಟಿನ ಗುಂಡಿ ಬಿಚ್ಚಿದಳು. ಒಬ್ಬೊಬ್ಬರಾಗಿ ಉಳಿದವರೂ ಬಿಚ್ಚಿದರು. ಮಾತು ಹೆಣಿಗೆ ದಾರದ ಬೆಲೆಗೆ ಹೊರಳಿತು.

ಕಾಫಿ ಮುಗಿದ ಮೇಲೆ ನಡೆದದ್ದು ನಮ್ಮೂರಿನಲ್ಲಿ ಅದಕ್ಕೆ ಮುಂಚೆ ನಡೆದದ್ದಿಲ್ಲ. ಅತಿಥಿಗಳು ಎಂದಾದರೂ ತಮ್ಮ ಕಪ್ಪನ್ನು ತಾವೇ ಅಡುಗೆಮನೆಗೆ ತರುತ್ತಾರೆಯೇ? ಮೊದಲು ಅಂಗಡಿಯವನ ಹೆಂಡತಿ ತಂದಳು. ಕಪ್ಪನ್ನು ಸೈಮಿಯ ಕೈಗೆ ಕೊಡುತ್ತಾ, ಬಾಗಿಲ ಕಡೆ ಒಮ್ಮೆ ನೋಡಿ, ಪಿಸುಗುಟ್ಟಿದಳು.

"ಒಂದು ಸಲ ನಮ್ಮನೇ ಕಡೆ ಬಂದು ಹೋಗ್ತೀಯಾ? ಅಂಗಡಿ ಹಿಂದಿನ ಕೋಣೆ... ಸುಮ್ನೆ ನೋಡೋಕೆ."

"ಬರ್ತೀನಿ," ಅಂದಳು ಸೈಮಿ. "ಗೋಡೇಗೆ ಕಾಗದ ಎಷ್ಟು ಪದರ ಇದೆ?"

"ಅಯ್ಯೋ, ಯಾರು ಎಣಿಸಿದಾರೆ!"

ಅವಳು ಹೋದಳು. ಇನ್ನೊಬ್ಬಳು ಕಪ್ಪು ಹಿಡಿದು ಬಂದಳು. ಅವಳದಲ್ಲವಂತೆ, ತಂಗಿಯ ಮನೆಯಲ್ಲಂತೆ. ಮೂರನೆಯವಳು ಬರೀ ಕೇಳಿ ತಿಳಿದುಕೊಳ್ಳಲು ಬಂದಿದ್ದಳು, ಸುಮ್ಮನೆ ಜ್ಞಾನಕ್ಕೆ. ಹೀಗೆ ಒಂಬತ್ತು ಕಪ್ಪುಗಳು ಬಂದವು. ಕೊನೆಗೆ ಪಾದ್ರಿಗಳ ಹೆಂಡತಿಯೂ ತನ್ನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಾಗ, ಮೂಲೆಯಲ್ಲಿ ಕೂತು ಹೆಣಿಗೆ ಹಾಕುತ್ತಿದ್ದ ಕಟ್ರಿಗೆ ತಡೆಯಲಾಗಲಿಲ್ಲ.

"ಬನ್ನಿ ತಾಯಿ, ಬನ್ನಿ," ಅಂದಳು. "ಪಾದ್ರಿಗಳ ಮನೇಗೂ ದಾರಿ ಗೊತ್ತು ಆ ತಿಗಣೆಗೆ."

ಆಮೇಲಿನದು ಸೈಮಿಯ ಉದ್ದನೆಯ ಬದುಕು. ಬೇಸಿಗೆಯಲ್ಲಿ ವಿಲ್ಯಾಮಿ ಬಂದ, ನದಿಯ ಆಚೆ ಜಾಗ ಸಿಕ್ಕಿತು, ಮನೆ ಎದ್ದಿತು. ಗೋಡೆಗೆ ಕಾಗದವಿಲ್ಲದ, ಬರೀ ಸುಣ್ಣ ಬಳಿದ ಮನೆ ಎಂದು ಜನ ಮೊದ ಮೊದಲು ಮೂಗು ಮುರಿದರು. ಯಾರೇ ಹಳೆಯ ಕುರ್ಚಿ ಮೇಜು ಕೊಟ್ಟರೂ ಅವಳು ಅದನ್ನು ಒಂದು ಚಳಿಗಾಲ ಅಂಗಳದಲ್ಲಿ ಚಳಿಗೆ ಬಿಟ್ಟೇ ಒಳಗೆ ತರುತ್ತಿದ್ದಳು. ಊರಿಂದೂರಿಗೆ ಹೋಗಿ ಬಂದವರು ಅವಳ ಮನೆಯಲ್ಲಿ ಉಳಿಯಬೇಕಾದರೆ ಮೊದಲು ಸೌನಾ, ಆಮೇಲೆ ಊಟ. ಅವಳಿಗೆ ಎಪ್ಪತ್ತು ದಾಟುವವರೆಗೂ ಚಳಿ ಮೂವತ್ತಕ್ಕೆ ಇಳಿದ ದಿನ ಯಾರೋ ಒಬ್ಬರು ಬಾಗಿಲು ತಟ್ಟುತ್ತಿದ್ದರು. ನಲವತ್ತೈದರ ಡಿಸೆಂಬರಿನಲ್ಲಿ ನಮ್ಮ ಬಯಲಿನ ಐದು ಚಿಮಣಿಗಳು ಒಂದೇ ವಾರ ಹೊಗೆ ಬಿಡದೆ ನಿಂತವು, ಯಾರೂ ಟೋಪಿ ತೆಗೆಯಲಿಲ್ಲ.

ಆದರೆ ನಾನು ಹೇಳಬೇಕೆಂದಿದ್ದು ಆ ಮಾರ್ಚಿನದು. ಹೊಲಿಗೆಯವರು ಬಂದು ಹೋದ ಮುಂದಿನ ವಾರ ಸೈಮಿ ಅಂಗಡಿಯ ಹಿಂಕೋಣೆಯ ಕಾಗದ ಕಿತ್ತು, ಸಂದುಗಳಿಗೆ ಕುದಿನೀರು ಹೊಯ್ದು, ಹಾಸಿಗೆಗಳನ್ನು ಅವರ ಸೌನಾದಲ್ಲಿ ಬೇಯಿಸಿ ಬಂದಳು. ಸೋಮವಾರ ಮಧ್ಯಾಹ್ನ ಕೆರ್ತು ಶಾಲೆಯಿಂದ ಬಂದವಳು ಪುಸ್ತಕದ ಚೀಲವನ್ನು ಬೆಂಚಿನ ಮೇಲೆ ದೊಪ್ಪನೆ ಎಸೆದಳು. ಮುಖ ಗಂಟಿಕ್ಕಿಕೊಂಡಿದ್ದಳು.

"ಏನಾಯ್ತು ಮತ್ತೆ?"

"ನನಗೆ ಶಾಲೆ ಬೇಡ," ಅಂದಳು ಕೆರ್ತು. "ರೈಯಾ ಬಂದು ಕೂತ್ಲು. ಅವಳ ಹಿಂದೆ ಇನ್ನಿಬ್ರು. ಒಂದೇ ಬೆಂಚಲ್ಲಿ ನಾಲ್ಕು ಜನ ಅಮ್ಮಾ! ಬರೆಯೋಕೆ ಮೊಣಕೈ ಆಡಲ್ಲ. ನೋಡು, ಶಾಯಿ ಎಲ್ಲಾ ಚೆಲ್ಲಿ ಹೋಯ್ತು. ಮೊದಲೇ ಚೆನ್ನಾಗಿತ್ತು."

ಕಟ್ರಿ ಜೀವಮಾನದಲ್ಲಿ ಮೊದಲ ಸಲ ಬಾಯಿ ತೆರೆದು, ಮಾತು ಸಿಗದೆ ಮುಚ್ಚಿದಳು. ಒಲೆಯ ಹತ್ತಿರ ರೊಟ್ಟಿ ತಿರುಗಿಸುತ್ತಿದ್ದ ವೆಂಡ್ಲಾ ತಿರುಗಿಸಿದ ರೊಟ್ಟಿಯನ್ನೇ ಮತ್ತೆ ತಿರುಗಿಸಿದಳು. ಸೈಮಿ ಮಗಳ ಶಾಯಿ ಮೆತ್ತಿದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಸ್ವಲ್ಪ ಒತ್ಕೊಂಡು ಕೂತ್ಕೊಳ್ಳಿ ಮಗಾ," ಅಂದಳು. "ಏನೂ ಆಗಲ್ಲ."